ಕಲಾಸವರ್ಣದಲ್ಲಿ ಭಿನ್ನಗುಣಕಾರ: ಸೂತ್ರ, ನ್ಯಾಸ, ಮುದ್ರಿತ ಪಾಠ

ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ವು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ. ಶ. ೮೫೦ರ ಸುಮಾರಿಗೆ, ರಚಿತವಾದುದೆಂಬುದು ಸುವಿದಿತ. ಆರಂಭದ ಸಂಜ್ಞಾಧಿಕಾರವನ್ನು ಬಿಟ್ಟರೆ ಎಂಟು ವ್ಯವಹಾರಗಳುಳ್ಳ ಈ ಗ್ರಂಥದಲ್ಲಿ ಪರಿಕರ್ಮದ ಅನಂತರ ಬರುವುದೇ ಕಲಾಸವರ್ಣ ವ್ಯವಹಾರ. ಗಣಿತದ ಇತಿಹಾಸವನ್ನು ಬರೆದವರು ಈ ಪ್ರಕರಣವನ್ನು ಎರಡು ಕಾರಣಗಳಿಗಾಗಿ ಬಹಳವಾಗಿ ಮೆಚ್ಚಿದ್ದಾರೆ. 'ನಿರುದ್ಧ' ಎಂಬ ಹೆಸರಿನಿಂದ ಲಘುತಮ ಸಾಮಾನ್ಯ ಛೇದವನ್ನು ಪಡೆಯುವ ವಿಧಾನ ಒಂದು. ಒಂದು ಎಂಬ ಸಂಖ್ಯೆಯನ್ನು ಏಕಾಂಶ ಭಿನ್ನಗಳ ಮೊತ್ತವಾಗಿ ಬಿಡಿಸುವ ಸೂತ್ರಗಳು ಇನ್ನೊಂದು. ಈ ಮೆಚ್ಚುಗೆ ಯುಕ್ತವಾದುದೇ. ಆದರೆ ಪ್ರಕರಣದ ಬಾಗಿಲಲ್ಲೇ ನಿಂತಿರುವ ಭಿನ್ನಗುಣಕಾರ ಸೂತ್ರದತ್ತ ತಿರುಗಿ ನೋಡಿದವರು ಕಡಮೆ. ವಿಭೂತಿಭೂಷಣ ದತ್ತ ಮತ್ತು ಅವಧೇಶ ನಾರಾಯಣ ಸಿಂಹರು ೧೯೩೫ರಲ್ಲಿ ಪ್ರಕಟಿಸಿದ ಹಿಂದೂ ಗಣಿತದ ಇತಿಹಾಸದಲ್ಲಿಯೂ, ಮಹಾವೀರರು ಕೆಲಸವನ್ನು ಹ್ರಸ್ವಗೊಳಿಸಲು ವಜ್ರಾಪವರ್ತನವನ್ನು ಹೇಳುತ್ತಾರೆ ಎಂಬಷ್ಟರಲ್ಲಿ ವಿಷಯ ಮುಗಿಯುತ್ತದೆ. ಎಲ್ಲರಿಗೂ ತಿಳಿದ ಲೆಕ್ಕವೆಂಬ ಭಾವನೆಯೇ ಈ ಉಪೇಕ್ಷೆಗೆ ಕಾರಣವಿರಬೇಕು. ಎಲ್ಲರಿಗೂ ತಿಳಿದದ್ದನ್ನು ಆಚಾರ್ಯರು ಯಾವ ಕ್ರಮದಲ್ಲಿ ತಿಳಿಸಿದರು ಎಂಬುದು ಬೇರೆಯ ಪ್ರಶ್ನೆ. ಹಸ್ತಪ್ರತಿಗಳನ್ನು ಓದುವವರಿಗೆ ಅದು ಮುಖ್ಯವಾದ ಪ್ರಶ್ನೆಯೂ ಹೌದು.

ಮೊದಲು ಪ್ರಕರಣದ ಹೆಸರನ್ನೇ ನೋಡಬಹುದು. ಕಲೆ ಎಂದರೆ ಅಂಶ, ಭಾಗ. ಸವರ್ಣವೆಂದರೆ ಸಮಾನ ವರ್ಣವುಳ್ಳದ್ದು. ಬೇರೆ ಬೇರೆ ಛೇದಗಳುಳ್ಳ ಭಾಗಗಳನ್ನು ಒಂದೇ ಬಣ್ಣಕ್ಕೆ ತರುವುದು ಕಲಾಸವರ್ಣ. ಹೆಸರು ಹೀಗಿರುವಾಗ ಪ್ರಕರಣವು ಸಮಚ್ಛೇದ ವಿಧಿಯಿಂದ ಆರಂಭವಾಗಬೇಕೆಂದು ಓದುಗನು ನಿರೀಕ್ಷಿಸುತ್ತಾನೆ. ಆದರೆ ಆಚಾರ್ಯರು ಆರಂಭಿಸುವುದು ಸವರ್ಣದ ಅಗತ್ಯವೇ ಇಲ್ಲದ ಕ್ರಿಯೆಯಿಂದ, ಎಂದರೆ ಗುಣಕಾರದಿಂದ. ಅದರ ಹಿಂದೆಯೇ ಭಾಗಹಾರ, ವರ್ಗ, ವರ್ಗಮೂಲ, ಘನ, ಘನಮೂಲಗಳು, ಬಳಿಕ ಶ್ರೇಢಿಗೆ ಸಂಬಂಧಿಸಿದ ಸಂಕಲಿತ, ವ್ಯುತ್ಕಲಿತಗಳು. ಇವೆಲ್ಲ ಮುಗಿದ ಮೇಲೆ ಭಾಗ, ಪ್ರಭಾಗ, ಭಾಗಭಾಗ, ಭಾಗಾನುಬಂಧ, ಭಾಗಾಪವಾಹ, ಭಾಗಮಾತೃ ಎಂಬ ಆರು ಜಾತಿಗಳು. ಭಿನ್ನಗಳನ್ನು ಕೂಡುವ ವಿಧಾನ ಭಾಗಜಾತಿಯಲ್ಲಿ, ಎಂದರೆ ಗುಣಕಾರವಾಗಿ ಬಹಳ ದೂರ ಸಾಗಿದ ಮೇಲೆ, ಬರುತ್ತದೆ.

ಇದು ಪೂರ್ಣಾಂಕಗಳ ಕ್ರಮದ ಅನುಕರಣ ಮಾತ್ರವಲ್ಲವೇ ಎಂದು ಕೇಳಬಹುದು. ಪರಿಕರ್ಮ ವ್ಯವಹಾರದಲ್ಲಿಯೂ ಮೊದಲನೆಯದು ಪ್ರತ್ಯುತ್ಪನ್ನ, ಅಂದರೆ ಗುಣಕಾರವೇ. ಸಾಮಾನ್ಯವಾದ ಕೂಡುವಿಕೆ ಕಳೆಯುವಿಕೆಗಳನ್ನು ಆಚಾರ್ಯರು ಎಂಟು ಪರಿಕರ್ಮಗಳಲ್ಲಿ ಎಣಿಸಿಯೇ ಇಲ್ಲ. ಆಕ್ಷೇಪದಲ್ಲಿ ಸ್ವಲ್ಪ ತಿರುಳಿದೆ. ಆದರೆ ಪೂರ್ಣಾಂಕಗಳಲ್ಲಿ ಸಂಕಲನವನ್ನು ಹೇಳದೆಯೇ ಬಿಡಬಹುದು; ಭಿನ್ನಗಳಲ್ಲಿ ಬಿಡುವಂತಿಲ್ಲ. ಎಲ್ಲಿಯಾದರೂ ಹೇಳಲೇಬೇಕಾದ ಅದನ್ನು ಅವರು ಗುಣಕಾರದ ಮುಂದೆ ಇಡಲಿಲ್ಲ, ಹಿಂದೆ ಇಟ್ಟರು. ಭಾಸ್ಕರಾಚಾರ್ಯರು ೧೧೫೦ರ 'ಲೀಲಾವತಿ'ಯಲ್ಲಿ ಇದಕ್ಕೆ ವಿರುದ್ಧವಾದ ಕ್ರಮವನ್ನು ಅನುಸರಿಸಿದ್ದಾರೆ: ಅಲ್ಲಿ ಅಂಶಸವರ್ಣನದ ಜಾತಿಗಳು ಮೊದಲು, ಭಿನ್ನಸಂಕಲಿತ ಅನಂತರ, ಭಿನ್ನಗುಣನ ಅದಕ್ಕೂ ಅನಂತರ. ಇಬ್ಬರಿಗೂ ಎರಡು ದಾರಿಗಳೂ ತೆರೆದಿದ್ದುವು. ಆದ್ದರಿಂದ ಕ್ರಮವನ್ನು ಆಕಸ್ಮಿಕವೆನ್ನುವುದು ಸಲ್ಲದು.

ಕಲಿಯುವವನ ದೃಷ್ಟಿಯಿಂದ ಮಹಾವೀರರ ಕ್ರಮಕ್ಕೆ ಒಂದು ಹೆಚ್ಚಿನ ಗುಣವಿದೆ. ಸಮಚ್ಛೇದವನ್ನು ಮೊದಲು ಕಲಿತ ಬಾಲಕನು ಗುಣಕಾರದಲ್ಲಿಯೂ ಅದನ್ನೇ ಹುಡುಕುತ್ತಾನೆ. ಇಂದಿನ ಶಾಲೆಗಳಲ್ಲಿ ಕೂಡುವುದು ಮೊದಲು, ಗುಣಿಸುವುದು ಆಮೇಲೆ. ೩/೮ನ್ನು ೪/೯ರಿಂದ ಗುಣಿಸೆಂದರೆ ಎರಡನ್ನೂ ೭೨ರ ಛೇದಕ್ಕೆ ತಂದು ೨೭/೭೨, ೩೨/೭೨ ಎಂದು ಬರೆದುಕೊಂಡು, ೮೬೪/೫೧೮೪ ಎಂಬ ಭಾರವನ್ನು ಹೊತ್ತುಕೊಳ್ಳುವ ವಿದ್ಯಾರ್ಥಿಗಳನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಉತ್ತರ ತಪ್ಪಲ್ಲ; ಅದನ್ನು ಸಂಕ್ಷೇಪಿಸಿದರೆ ೧/೬ ಬರುತ್ತದೆ. ಶ್ರಮ ಮಾತ್ರ ವ್ಯರ್ಥ. ಗುಣಕಾರಕ್ಕೆ ಸವರ್ಣ ಬೇಡ ಎಂಬುದು ಸವರ್ಣವನ್ನು ಇನ್ನೂ ಕೇಳದವನ ಮನಸ್ಸಿನಲ್ಲಿ ಸಹಜವಾಗಿಯೇ ನಿಲ್ಲುತ್ತದೆ.

ಸೂತ್ರದ ಆಶಯ ಇಷ್ಟು: ಭಿನ್ನಗಳ ಗುಣಕಾರದಲ್ಲಿ ವಜ್ರಾಪವರ್ತನ ವಿಧಿ ಘಟಿಸುವುದಾದರೆ ಅದನ್ನು ಮಾಡಿ, ಅಂಶಗಳನ್ನು ಅಂಶಗಳಿಂದಲೂ ಹಾರಗಳನ್ನು ಹಾರಗಳಿಂದಲೂ ಗುಣಿಸಬೇಕು. ಅಂಶಗಳ ಗುಣಲಬ್ಧವನ್ನು ಛೇದಗಳ ಗುಣಲಬ್ಧದಿಂದ ಭಾಗಿಸಬೇಕೆಂಬ ಮುಖ್ಯ ವಿಧಿ ಬ್ರಹ್ಮಗುಪ್ತರಲ್ಲಿಯೂ ಶ್ರೀಧರರಲ್ಲಿಯೂ ಇದೆ, ಅದು ಹೊಸದಲ್ಲ. ಹೊಸದು ಅಪವರ್ತನಕ್ಕೆ ದೊರೆತ ಸ್ಥಾನ. ಗುಣಿಸಿ ಮುಗಿದ ಮೇಲೆ ಮಾಡುವ ಸಂಕ್ಷೇಪವಾಗಿ ಅದು ಬಂದಿಲ್ಲ. ಗುಣಕಾರದ ಮುನ್ನ ನಡೆಯಬೇಕಾದ ಕಾರ್ಯವಾಗಿ, ಸೂತ್ರದ ಒಡಲಲ್ಲೇ ಸೇರಿಕೊಂಡಿದೆ. ಜೊತೆಗೆ 'ಘಟಿಸುವುದಾದರೆ' ಎಂಬ ನಿಬಂಧನೆ. ಅಪವರ್ತನ ಸಾಧ್ಯವೇ ಎಂದು ನೋಡಿದ ಮೇಲೆಯೇ ವಿದ್ಯಾರ್ಥಿ ಕೈ ಮುಂದಿಡಬೇಕು.

'ವಜ್ರ' ಶಬ್ದದ ಔಚಿತ್ಯ ನ್ಯಾಸವನ್ನು ನೋಡದೆ ತಿಳಿಯುವುದಿಲ್ಲ. ಆಚಾರ್ಯರ ಮೊದಲ ಉದಾಹರಣೆ ಒಣಶುಂಠಿಯದು. ಒಂದು ಪಲ ಶುಂಠಿಗೆ ಪಣದ ೪/೯ ಭಾಗ ಬೆಲೆಯಾದರೆ, ಪಲದ ೩/೮ ಭಾಗಕ್ಕೆ ಎಷ್ಟೆಂದು ಗೆಳೆಯನನ್ನು ಕೇಳುವ ರೀತಿಯಲ್ಲಿ ಅದು ಬಂದಿದೆ. ಪ್ರಾಚೀನ ಪದ್ಧತಿಯಂತೆ ಅಡ್ಡಗೆರೆಯಿಲ್ಲದೆ ಅದನ್ನು ಇಟ್ಟರೆ ಹೀಗಾಗುತ್ತದೆ:

೩   ೪
೮   ೯

ಮೇಲಿನ ೩ಕ್ಕೂ ಓರೆಯಾಗಿ ಕೆಳಗಿರುವ ೯ಕ್ಕೂ ಮೂರರಿಂದ ಅಪವರ್ತನ; ಮೇಲಿನ ೪ಕ್ಕೂ ಇನ್ನೊಂದು ಓರೆಯ ೮ಕ್ಕೂ ನಾಲ್ಕರಿಂದ. ಕಣ್ಣು ಎರಡು ಬಾರಿ ಓರೆಯಾಗಿ ಚಲಿಸುತ್ತದೆ. ಆ ಎರಡು ಓರೆಗಳು ಒಂದನ್ನೊಂದು ಕತ್ತರಿಸುವಲ್ಲಿ ವಜ್ರಾಯುಧದ ಆಕಾರ ಮೂಡುತ್ತದೆ. ಮೇಲೆ ೧, ೧. ಕೆಳಗೆ ೨, ೩. ಗುಣಿಸಿದರೆ ಪಣದ ಆರನೆಯ ಒಂದು ಭಾಗ. ಹನ್ನೆರಡನ್ನೂ ಎಪ್ಪತ್ತೆರಡನ್ನೂ ಎಲ್ಲಿಯೂ ಬರೆಯಬೇಕಾಗಲಿಲ್ಲ. ಪಾಟಿಯ ಮೇಲೆ ಧೂಳನ್ನು ಹರಡಿ ಬೆರಳಿನಿಂದ ಬರೆದು ಅಳಿಸುತ್ತಿದ್ದ ಕಾಲದಲ್ಲಿ ಇದರ ಬೆಲೆ ಎಷ್ಟೆಂಬುದನ್ನು ಕಾಗದ ಹೇರಳವಾಗಿರುವ ಕಾಲದವರು ಊಹಿಸಿಯೇ ತಿಳಿಯಬೇಕು. ಅಳಿಸಿದ ಸ್ಥಾನದಲ್ಲೇ ಚಿಕ್ಕ ಅಂಕ ಕುಳಿತುಕೊಳ್ಳುತ್ತದೆ. ಸಂಖ್ಯೆ ಬೆಳೆಯುವುದಿಲ್ಲ, ಕುಗ್ಗುತ್ತದೆ.

ಶುಂಠಿಯ ಹಿಂದೆ ಮೆಣಸು, ಹಿಪ್ಪಲಿ, ಜೀರಿಗೆಗಳ ಉದಾಹರಣೆಗಳು ಬರುತ್ತವೆ. ಎಲ್ಲವೂ ಅಂಗಡಿಯ ಸರಕು, ಎಲ್ಲವೂ ಸ್ವಲ್ಪ ಸ್ವಲ್ಪವಾಗಿ ಕೊಳ್ಳುವಂಥವು. ಭಿನ್ನವನ್ನು ಭಿನ್ನದಿಂದ ಗುಣಿಸಬೇಕಾದ ಪ್ರಸಂಗ ಲೋಕದಲ್ಲಿ ಸಹಜವಾಗಿ ಎಲ್ಲಿ ಒದಗುತ್ತದೆಯೋ ಅಲ್ಲಿಗೇ ಆಚಾರ್ಯರು ವಿದ್ಯಾರ್ಥಿಯನ್ನು ಕರೆದೊಯ್ದಿದ್ದಾರೆ.

ಇನ್ನು ವಿಮರ್ಶೆಗೆ ಹೆಚ್ಚು ಎಡೆಕೊಡುವ ಅಂಶ. ಗುಣಕಾರ ಸೂತ್ರವನ್ನು ಹೇಳಿದ ಆಚಾರ್ಯರು ಮುಂದೆ ಪ್ರಭಾಗಜಾತಿಯಲ್ಲಿ ಮತ್ತೆ ಅದೇ ವಿಧಿಯನ್ನು ಹೇಳುತ್ತಾರೆ: ಅಂಶಗಳನ್ನು ಅಂಶಗಳಿಂದ, ಹಾರಗಳನ್ನು ಹಾರಗಳಿಂದ ಗುಣಿಸುವುದು. ಇಂದಿನ ಗಣಿತದ ಕಣ್ಣಿಗೆ ಇದು ಪುನರುಕ್ತಿ. ಸೂತ್ರಕಾರರಿಗೆ ಅರ್ಧಮಾತ್ರೆಯ ಲಾಘವವೂ ಪುತ್ರೋತ್ಸವವೆನ್ನುವ ಪರಂಪರೆಯಲ್ಲಿ ಬೆಳೆದವರು ಒಂದೇ ಪ್ರಕರಣದೊಳಗೆ ಒಂದೇ ವಿಧಿಯನ್ನು ಎರಡು ಬಾರಿ ಹೇಳಿದ್ದೇಕೆ?

ಕ್ರಿಯೆ ಒಂದೇ, ವಿಷಯ ಎರಡು ಎಂಬುದೇ ಉತ್ತರ. ಶುಂಠಿಯ ಲೆಕ್ಕದಲ್ಲಿ ಒಂದು ಭಿನ್ನ ಪಲದ್ದು, ಇನ್ನೊಂದು ಪಣದ್ದು. ಎರಡು ಬೇರೆ ಜಾತಿಯ ರಾಶಿಗಳು ಕೂಡಿ ಫಲ ಹುಟ್ಟುತ್ತದೆ. ಪ್ರಭಾಗದಲ್ಲಿ ಇರುವುದು ಒಂದೇ ವಸ್ತು. ಅದರ ಭಾಗ, ಆ ಭಾಗದ ಭಾಗ, ಮತ್ತೆ ಅದರ ಭಾಗ. ಗುಣಿಸಿದರೆ ಹೆಚ್ಚಾಗಬೇಕು ಎಂಬ ಸಂಸ್ಕಾರವನ್ನು ಪೂರ್ಣಾಂಕಗಳಿಂದ ಪಡೆದುಕೊಂಡು ಬಂದ ವಿದ್ಯಾರ್ಥಿಗೆ ೩/೮ಕ್ಕಿಂತಲೂ ೪/೯ಕ್ಕಿಂತಲೂ ಕಡಮೆಯಾದ ೧/೬ ಫಲವಾಗಿ ಬಂದಾಗ ಸಂದೇಹ ತಲೆದೋರುವುದು ಸಹಜ. ಸೂತ್ರದ ಬಲದಿಂದ ಅವನು ಉತ್ತರವನ್ನು ಒಪ್ಪಬಹುದು. ಸಂದೇಹ ಒಳಗೆ ಉಳಿಯುತ್ತದೆ. ಅರ್ಧದ ಮೂರನೆಯ ಭಾಗ ಅರ್ಧಕ್ಕಿಂತ ಕಿರಿದೆಂಬುದನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಿಲ್ಲ. ಗುಣಕಾರದಲ್ಲಿ ಮಾಡಲು ಕಲಿತದ್ದನ್ನು ಪ್ರಭಾಗದಲ್ಲಿ ಅವನು ಕಾಣುತ್ತಾನೆ. ಇದನ್ನು ಪುನರುಕ್ತಿ ಎನ್ನುವುದು ಧಾರಣೆಯನ್ನೂ ಅವಾಯವನ್ನೂ ಒಂದೆನ್ನುವಂತೆ.

ಕನ್ನಡ ನಾಡಿನ ಕೂಲಿಮಠಗಳ ಮಗ್ಗಿಯಲ್ಲಿ ಈ ಎರಡನೆಯ ದೃಷ್ಟಿಯೇ ಪ್ರಧಾನವಾಗಿತ್ತೆಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಕಾಲಿನಲ್ಲಿ ಕಾಲು ವೀಸವೆಂಬುದು ಸೂತ್ರವಿಲ್ಲದೆಯೇ ತಿಳಿದಿರುತ್ತಿತ್ತು. ಹದಿನಾರನೆಯ ಒಂದು ಭಾಗಕ್ಕೆ ವೀಸವೆಂದು ಪ್ರತ್ಯೇಕ ಹೆಸರಿದ್ದುದರಿಂದ ಛೇದಗಳನ್ನು ಗುಣಿಸುವ ಮಾತೇ ಏಳುತ್ತಿರಲಿಲ್ಲ. 'ಲೀಲಾವತಿ'ಯ ಪ್ರಭಾಗದ ಉದಾಹರಣೆಯೂ ಇದೇ ರುಚಿಯದು. ಕೃಪಣನೊಬ್ಬನು ದ್ರಮ್ಮದ ಅರ್ಧದ ಮೂರನೆಯ ಎರಡು ಭಾಗದ ಮುಕ್ಕಾಲಿನ ಐದನೆಯ ಭಾಗದ ಹದಿನಾರನೆಯ ಭಾಗದ ಕಾಲುಭಾಗವನ್ನು ಯಾಚಕನಿಗೆ ದಾನಮಾಡುತ್ತಾನೆ. ಗುಣಿಸಿದರೆ ೬/೭೬೮೦, ಅಪವರ್ತಿಸಿದರೆ ೧/೧೨೮೦. ದ್ರಮ್ಮಕ್ಕೆ ೧೨೮೦ ಕವಡೆಗಳಾದ್ದರಿಂದ ದಾನ ಒಂದೇ ಕವಡೆ. ಭಿನ್ನಗಳನ್ನು ಗುಣಿಸುತ್ತ ಹೋದಂತೆ ಫಲ ಕ್ಷೀಣಿಸುತ್ತದೆಂಬುದನ್ನು ನಗಿಸುತ್ತ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ದೊರೆಯಲಾರದು.

ಗುಣಕಾರವನ್ನೂ ಪ್ರಭಾಗವನ್ನೂ ಭಾಗಜಾತಿಯ ಸಂಕಲನವನ್ನೂ ಹಸ್ತಪ್ರತಿಯಲ್ಲಿ ಕಣ್ಣಿನಿಂದ ಬೇರ್ಪಡಿಸುವುದು ಹೇಗೆ? ತೊಡಕು ಇರುವುದು ಇಲ್ಲಿಯೇ. ಮೇಲೆ ಅಂಶ, ಕೆಳಗೆ ಛೇದ. ಪಕ್ಕದಲ್ಲಿ ಇನ್ನೊಂದು ಅಂಶ, ಇನ್ನೊಂದು ಛೇದ. ಗೆರೆಯಿಲ್ಲ, ಕ್ರಿಯಾಚಿಹ್ನೆಯಿಲ್ಲ. ೧೮೮೧ರಲ್ಲಿ ಪೇಶಾವರದ ಸಮೀಪ ದೊರೆತು ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿರುವ ಬಕ್ಷಾಲಿ ಭೂರ್ಜಪತ್ರಗಳಲ್ಲಿ ಯುತಕ್ಕೆ 'ಯು', ಗುಣಕ್ಕೆ 'ಗು' ಎಂಬ ಸಂಕ್ಷೇಪಾಕ್ಷರಗಳುಂಟು. ಅಲ್ಲಿಯೂ ಪಕ್ಕಪಕ್ಕದಲ್ಲಿ ಇಟ್ಟಷ್ಟರಿಂದಲೇ ಗುಣಕಾರವನ್ನು ಸೂಚಿಸಿರುವ ಎಡೆಗಳಿವೆ. ಶುಂಠಿಯ ಅದೇ ನಾಲ್ಕು ಅಂಕಗಳನ್ನು ಭಾಗಜಾತಿಯೆಂದು ಭಾವಿಸಿ ಕೂಡಿದರೆ ೫೯/೭೨ ಬರುತ್ತದೆ. ಗುಣಕಾರವೆಂದು ಭಾವಿಸಿದರೆ ೧/೬. ನ್ಯಾಸದ ರೂಪ ಒಂದೇ. ಯಾವ ಜಾತಿಯ ಅಡಿಯಲ್ಲಿ, ಯಾವ ಉದಾಹರಣೆಯ ಹಿಂದೆ ನ್ಯಾಸವಿದೆಯೆಂಬುದರಿಂದಲೇ ಅರ್ಥ ನಿರ್ಣಯವಾಗಬೇಕು. ಭಾಗಮಾತೃಜಾತಿಗೆ ಬಂದಾಗ ಈ ತೊಡಕು ಇಮ್ಮಡಿಸುತ್ತದೆ. ಹಿಂದಿನ ಐದು ಜಾತಿಗಳಲ್ಲಿ ಎರಡೆರಡು, ಮೂರುಮೂರು, ನಾಲ್ಕುನಾಲ್ಕು, ಐದೂ ಸೇರಿದ ಮಿಶ್ರಣಗಳು ಕ್ರಮವಾಗಿ ಹತ್ತು, ಹತ್ತು, ಐದು, ಒಂದು. ಒಟ್ಟು ಇಪ್ಪತ್ತಾರು ಭೇದಗಳೆಂದು ಆಚಾರ್ಯರು ಎಣಿಸಿದ್ದಾರೆ. ಒಂದೇ ಸಾಲಿನಲ್ಲಿ ಒಂದು ಜೋಡಿಯನ್ನು ಕೂಡಬೇಕು, ಮತ್ತೊಂದನ್ನು ಗುಣಿಸಬೇಕು. ಜಾತಿಜ್ಞಾನವಿಲ್ಲದ ಲಿಪಿಕಾರನು ಜೋಡಿಗಳ ನಡುವಣ ಎಡೆಯನ್ನು ಸ್ವಲ್ಪ ಹೆಚ್ಚುಕಡಮೆ ಮಾಡಿದರೂ ಓದುಗನಿಗೆ ದಾರಿ ತಪ್ಪುತ್ತದೆ.

ಮುದ್ರಿತ ಪಾಠವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಪ್ರೊ. ಎಂ. ರಂಗಾಚಾರ್ಯರು ಮದರಾಸು ಸರ್ಕಾರದ ಮೂಲಕ ೧೯೧೨ರಲ್ಲಿ ಹೊರತಂದ ಆವೃತ್ತಿಗೆ ಜೈನ ವಿದ್ವಲ್ಲೋಕ ಎಂದಿಗೂ ಋಣಿಯಾಗಿರತಕ್ಕದ್ದು. ಗ್ರಂಥಲಿಪಿಯ ಪ್ರತಿ, ಕನ್ನಡ ಲಿಪಿಯ ತಾಳೆಗರಿಗಳು, ವಲ್ಲಭನ ಸಂಕ್ಷಿಪ್ತ ಕನ್ನಡ ಟೀಕೆಯೊಡನೆ ಮೈಸೂರಿನಲ್ಲಿ ದೊರೆತ ಪ್ರತಿ, ಮೂಡಬಿದರೆಯ ಮೂಲದಿಂದ ಬಂದ ಪ್ರತಿ, ಇವುಗಳನ್ನು ಕಲೆಹಾಕಿ ಶ್ಲೋಕಪಾಠವನ್ನು ಅವರು ನಿಲ್ಲಿಸಿದರು. ೧೯೬೩ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಎಲ್. ಸಿ. ಜೈನರ ಹಿಂದಿ ಅನುವಾದ, ೨೦೦೦ದಲ್ಲಿ ಹೊಂಬುಜದ ಶ್ರೀ ಸಿದ್ಧಾಂತಕೀರ್ತಿ ಗ್ರಂಥಮಾಲೆಯಲ್ಲಿ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದ ಬಂದುವು. ಕನ್ನಡ ನಾಡಿನಲ್ಲಿ ಹುಟ್ಟಿದ ಗ್ರಂಥ ಕನ್ನಡಕ್ಕೆ ಬಂದುದು ಅಲ್ಪ ಸಂತೋಷದ ವಿಷಯವಲ್ಲ.

ಆದರೂ ಒಂದು ಕೊರತೆಯನ್ನು ಹೇಳದಿರಲಾಗದು. ೧೯೧೨ರ ಆವೃತ್ತಿಯಲ್ಲಿ ಶ್ಲೋಕಗಳಿಗೆ ದೊರೆತ ಗೌರವ ಟೀಕೆಗಳಿಗೆ ದೊರೆಯಲಿಲ್ಲ. ಟೀಕೆಗಳು ಸಂಪಾದಕರಿಗೆ ನೆರವಾದುವೇ ಹೊರತು ಮುದ್ರಣಕ್ಕೆ ಏರಲಿಲ್ಲ. ಇಂಗ್ಲಿಷ್ ಅನುವಾದದಲ್ಲಿ ಭಿನ್ನಗಳು ಅಡ್ಡಗೆರೆ ಹೊತ್ತು ಇಂದಿನ ರೂಪದಲ್ಲಿ ನಿಂತಿವೆ. ಅನುವಾದಕ್ಕೆ ಅದು ಅನಿವಾರ್ಯ; ದೋಷವೆನ್ನುವಂತಿಲ್ಲ. ಆದರೆ ಅಡ್ಡಗೆರೆಯನ್ನೂ ಗುಣಾಕಾರದ ಚಿಹ್ನೆಯನ್ನೂ ಕಂಡು ಅಭ್ಯಾಸವಾದ ಓದುಗನಿಗೆ ಪ್ರಭಾಗಜಾತಿ ಗುಣಕಾರದ ನಕಲೆಂದು ತೋರುವುದಕ್ಕೂ, ವಜ್ರ ಎಂಬುದು ಬರಿಯ ಅಲಂಕಾರದ ಹೆಸರೆಂದು ತೋರುವುದಕ್ಕೂ ಆ ರೂಪವೇ ಕಾರಣ. ಗಣಿತಗ್ರಂಥದಲ್ಲಿ ನ್ಯಾಸ ಪಾಠದ ಅಂಗ. ಕಾವ್ಯದ ಸಂಪಾದಕನು ಯತಿಸ್ಥಾನವನ್ನು ಗಮನಿಸುವಷ್ಟೇ ಎಚ್ಚರದಿಂದ ಗಣಿತದ ಸಂಪಾದಕನು ಅಂಕಗಳ ಇಡುವಿಕೆಯನ್ನೂ ಎಡೆಯನ್ನೂ ಗಮನಿಸಬೇಕು, ಪಾಠಾಂತರವಿದ್ದರೆ ಕೊಡಬೇಕು. ವಲ್ಲಭನ ಟೀಕೆಯಂಥ ಕನ್ನಡ ಟೀಕೆಗಳು ನ್ಯಾಸಸಹಿತವಾಗಿ ಅಚ್ಚಾಗದೆ ಕಲಾಸವರ್ಣದ ಸಂಪಾದನೆ ಮುಗಿಯಿತೆನ್ನುವುದು ಅವಸರದ ಮಾತು.

ಅಂಕಪಾಠದ ಚರ್ಚೆ ಬರಿಯ ಶಾಸ್ತ್ರಚಾಪಲ್ಯವಲ್ಲ. ಕನ್ನಡದ ೬ ಮತ್ತು ೯ ಅಚ್ಚಿನಲ್ಲಿಯೇ ಒಂದರ ಬದಲು ಒಂದು ಓದಿಹೋಗುತ್ತವೆ. ಮಸಿ ಹಿಡಿಯದ ಗರಿಯಲ್ಲಿ, ಹುಳು ಕೊರೆದ ಎಡೆಯಲ್ಲಿ ಹೇಳುವುದೇ ಬೇಡ. ಶುಂಠಿಯ ನ್ಯಾಸದಲ್ಲಿ ೯ನ್ನು ೬ ಎಂದು ಓದಿದರೆ ೩/೮, ೪/೬ ಆಗುತ್ತದೆ. ವಜ್ರಾಪವರ್ತನ ಆಗಲೂ ಎರಡು ಕಡೆಯೂ ಘಟಿಸುತ್ತದೆ. ಫಲ ೧/೪ ಎಂದು ಮೊದಲಿನದಕ್ಕಿಂತಲೂ ಚೊಕ್ಕವಾಗಿ ಬರುತ್ತದೆ. ತಪ್ಪು ಪಾಠವೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ! ಇಲ್ಲಿ ಗಣಿತ ಪಾಠವನ್ನು ಕಾಯಲಾರದು. ಛಂದಸ್ಸು ಕಾಯುತ್ತದೆಂದು ಹೇಳುವ ವಾಡಿಕೆಯುಂಟು. ಅದನ್ನೂ ವಿಚಾರಿಸಿಯೇ ಹೇಳಬೇಕು. 'ನವಾಂಶ', 'ಷಡಂಶ' ಎರಡೂ ಲಘು, ಗುರು, ಲಘುಗಳೇ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಪ್ರಸ್ತಾರ ಕದಲುವುದಿಲ್ಲ. ಕಾಯುವುದು ಅಕ್ಷರಗಳ ಭೇದ ಮಾತ್ರ: ನಕಾರ ವಕಾರಗಳನ್ನು ಷಕಾರ ಡಕಾರಗಳೆಂದು ಓದುವ ಲಿಪಿಕಾರನು ಅಪರೂಪ. ಸಂಖ್ಯೆಯನ್ನು ಪದದಲ್ಲಿ ಹೇಳುವ ಶ್ಲೋಕವೂ ಅಂಕದಲ್ಲಿ ತೋರುವ ನ್ಯಾಸವೂ ಎರಡೂ ಕೈಯಲ್ಲಿದ್ದಾಗಲೇ ಇಂಥ ಕಡೆ ನಿರ್ಣಯ ಸಾಧ್ಯ.

ಎಲ್ಲ ಕಡೆಯೂ ಹೀಗೆಂದಲ್ಲ. ಕರಣಾನುಯೋಗವನ್ನು ಓದಿದವರಿಗೆ ಪರಿಚಿತವಾದ ಭರತಕ್ಷೇತ್ರದ ವಿಸ್ತಾರವನ್ನು ತೆಗೆದುಕೊಳ್ಳಬಹುದು. ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯದಲ್ಲಿ ಅದು ಎರಡು ರೀತಿಯಲ್ಲಿ ಉಕ್ತವಾಗಿದೆ: ೫೨೬ ಯೋಜನಗಳೂ ಯೋಜನದ ಹತ್ತೊಂಬತ್ತರಲ್ಲಿ ಆರು ಭಾಗಗಳೂ ಎಂದು ಒಮ್ಮೆ, ಜಂಬೂದ್ವೀಪದ ವಿಷ್ಕಂಭದ ನೂರತೊಂಬತ್ತನೆಯ ಭಾಗವೆಂದು ಇನ್ನೊಮ್ಮೆ. ಕ್ಷೇತ್ರ ಪರ್ವತಗಳ ಶಲಾಕೆಗಳು ಒಂದರಿಂದ ಅರುವತ್ತನಾಲ್ಕರವರೆಗೆ ಇಮ್ಮಡಿಸುತ್ತ ಏರಿ, ಮತ್ತೆ ಒಂದಕ್ಕೆ ಇಳಿದು ಒಟ್ಟು ೧೯೦ ಆಗುವುದರಿಂದ ಈ ಭಾಗ. ಹತ್ತೊಂಬತ್ತು ಎಂಬ ಛೇದ ಎಲ್ಲಿಂದ ಬಂತೆಂದು ವಿದ್ಯಾರ್ಥಿಗಳು ಕೇಳುವುದುಂಟು. ಲಕ್ಷ ಯೋಜನಗಳ ಕೆಳಗೆ ಒಂದನ್ನು ಛೇದವಾಗಿಟ್ಟು ೧/೧೯೦ರ ಪಕ್ಕದಲ್ಲಿ ನ್ಯಾಸ ಮಾಡಿದರೆ ಉತ್ತರ ಕಣ್ಣಿಗೇ ಕಾಣುತ್ತದೆ. ಓರೆಯಲ್ಲಿ ಲಕ್ಷವೂ ನೂರತೊಂಬತ್ತೂ ಹತ್ತರಿಂದ ಅಪವರ್ತಿತವಾಗಿ ೧೦,೦೦೦ವೂ ೧೯ವೂ ಉಳಿಯುತ್ತವೆ. ತತ್ತ್ವಾರ್ಥಸೂತ್ರ ಮಹಾವೀರಾಚಾರ್ಯರಿಗಿಂತ ಬಹಳ ಹಿಂದಿನದು. ಅವರ ಸೂತ್ರದಿಂದ ಈ ಸಂಖ್ಯೆ ಹುಟ್ಟಿತೆಂದು ಯಾರೂ ಹೇಳರು. ಆ ಸೂತ್ರದಿಂದ ಅದು ಬೇಗ ತಿಳಿಯುತ್ತದೆ, ಅಷ್ಟೆ.

ಈ ಸಂಖ್ಯೆಯಲ್ಲಿ ಆರು ಕಲೆಗಳನ್ನು ಒಂಬತ್ತೆಂದು ಲಿಪಿಕಾರನು ಬರೆದರೆ ಭಾಗಾನುಬಂಧದಿಂದಲೇ ದೋಷ ಬಯಲಾಗುತ್ತದೆ. ೫೨೬ನ್ನು ೧೯ರಿಂದ ಗುಣಿಸಿದರೆ ೯,೯೯೪. ಆರನ್ನು ಕೂಡಿದರೆ ಸರಿಯಾಗಿ ಹತ್ತು ಸಾವಿರ, ಒಂಬತ್ತನ್ನು ಕೂಡಿದರೆ ಮೂರು ಹೆಚ್ಚು. ೫೨೬ರ ಆರನ್ನೇ ಒಂಬತ್ತೆಂದು ಬರೆದಿದ್ದರೆ ಐವತ್ತೇಳು ಹೆಚ್ಚು. ವಿಜಯಾರ್ಧದ ಐವತ್ತು ಯೋಜನಗಳನ್ನು, ಎಂದರೆ ೯೫೦ ಕಲೆಗಳನ್ನು ಕಳೆದು ೯,೦೫೦/೧೯ನ್ನು ೧/೨ರಿಂದ ಗುಣಿಸುವಾಗ ಎರಡು ಮತ್ತೆ ಓರೆಯಲ್ಲಿ ಅಪವರ್ತಿತವಾಗಿ ೪,೫೨೫/೧೯ ಉಳಿಯುತ್ತದೆ. ದಕ್ಷಿಣಭರತದ ವಿಸ್ತಾರ ೨೩೮ ಯೋಜನ, ಮೂರು ಕಲೆ, ಉತ್ತರಭರತದ್ದೂ ಅಷ್ಟೇ. ಹಿಮವತ್ಪರ್ವತಕ್ಕೆ ಭರತದ ಇಮ್ಮಡಿ, ೧,೦೫೨ ಯೋಜನ ಹನ್ನೆರಡು ಕಲೆ. ಹಸ್ತಪ್ರತಿಯಲ್ಲಿ ಈ ಮೂರು ಸಂಖ್ಯೆಗಳಲ್ಲಿ ಒಂದು ಸ್ಪಷ್ಟವಾಗಿ ಉಳಿದಿದ್ದರೂ ಇನ್ನೆರಡನ್ನು ತಿದ್ದಿಕೊಳ್ಳಬಹುದು. ಶುಂಠಿಯ ಲೆಕ್ಕಕ್ಕೆ ಈ ಅನುಕೂಲವಿಲ್ಲ. ಅ‌ಲ್ಲಿ ಟೀಕೆಯ ಗರಿಯನ್ನೇ ನೋಡಬೇಕು.